ಗಾರೆ, ಕಂಬಿ, ವೈರಿಂಗ್, ಪ್ಲಂಬಿಂಗ್: ಯಾವ ಸರ್ಟಿಫಿಕೇಟ್ ಯಾರಿಗೆ?

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಮನೆಯಲ್ಲಿದ್ದರೆ ಪ್ರಶ್ನೆ ಹೀಗಿರುತ್ತದೆ: ಐಟಿಐಗೆ ಸೇರಿಸಬೇಕಾ, ಮೂರು ತಿಂಗಳ ಕೋರ್ಸ್ ಸಾಕಾ, ಇಲ್ಲಾ ಚಿಕ್ಕಪ್ಪನ ಜೊತೆ ಸೈಟಿಗೆ ಕಳಿಸಿದರೆ ತಾನಾಗಿ ಕಲಿಯುತ್ತಾನಾ? ಹದಿನೈದು ವರ್ಷದಿಂದ ಟೈಲ್ಸ್ ಹಾಕುತ್ತಿರುವವರ ಪ್ರಶ್ನೆ ಬೇರೆ. ಕೆಲಸ ಚೆನ್ನಾಗಿ ಬರುತ್ತದೆ, ತೋರಿಸೋಕೆ ಒಂದು ಕಾಗದ ಇಲ್ಲ. ಈ ವಯಸ್ಸಿನಲ್ಲಿ ಮಾಡಿಸಿದರೆ ಏನಾದರೂ ಉಪಯೋಗ ಇದೆಯಾ?

"ಯಾವ ಸರ್ಟಿಫಿಕೇಟ್ ಒಳ್ಳೇದು" ಅಂತ ಹುಡುಕಲು ಹೊರಟರೆ ಇಬ್ಬರಿಗೂ ಉತ್ತರ ಸಿಗುವುದಿಲ್ಲ. ಈ ಕಾಗದವನ್ನು ನಾಳೆ ನನ್ನ ಹತ್ತಿರ ಕೇಳುವವರು ಯಾರು ಅಂತ ಮೊದಲು ಯೋಚಿಸಬೇಕು. ಊರಿನ ಮೇಸ್ತ್ರಿ ಕೇಳುವುದಿಲ್ಲ, ಅರ್ಧ ದಿನ ಕೈ ನೋಡಿದರೆ ಅವರಿಗೆ ಸಾಕು. ರೈಲ್ವೆ ಕೇಳುತ್ತದೆ. ಕರೆಂಟ್ ಕನೆಕ್ಷನ್ ಕೊಡುವವರು ಕೇಳುತ್ತಾರೆ. ದೊಡ್ಡ ಸೈಟಿನ ಕಾಂಟ್ರಾಕ್ಟರ್, ಸಾಲ ಕೊಡುವ ಬ್ಯಾಂಕು, ಸೌದಿಗೆ ಕರೆಸಿಕೊಳ್ಳುವವರು ಕೇಳುತ್ತಾರೆ. ಒಬ್ಬರು ಒಪ್ಪುವ ಕಾಗದವನ್ನು ಇನ್ನೊಬ್ಬರು ಕಣ್ಣೆತ್ತಿಯೂ ನೋಡದೆ ಇರಬಹುದು.

ಇನ್ನೊಂದು ಗೊಂದಲವನ್ನೂ ಈಗಲೇ ಬಿಡಿಸಿಬಿಡೋಣ. ಕೆಲಸ ಬರುತ್ತದೆ ಅಂತ ಹೇಳುವ ಕಾಗದ ಬೇರೆ. ಆ ಕೆಲಸ ಮಾಡಲು ಸರ್ಕಾರ ಕೊಡುವ ಪರವಾನಗಿ ಬೇರೆ. ನೀವು ಕಟ್ಟಡ ಕಾರ್ಮಿಕ ಅಂತ ಗುರುತಿಸುವ ಕಾರ್ಡ್ ಮತ್ತೂ ಬೇರೆ. ಐಟಿಐ ಸರ್ಟಿಫಿಕೇಟ್ ಮೊದಲನೆಯದು, ವೈರ್‌ಮನ್ ಪರ್ಮಿಟ್ ಎರಡನೆಯದು, ಲೇಬರ್ ಕಾರ್ಡ್ ಮೂರನೆಯದು. ಒಂದು ಕೈಲಿದೆ ಅಂತ ಇನ್ನೊಂದರ ಕೆಲಸ ಅದರಿಂದ ಆಗುವುದಿಲ್ಲ.

ಐಟಿಐ: ಕಾಲ ಜಾಸ್ತಿ, ಬಾಗಿಲೂ ಜಾಸ್ತಿ

ಹುಡುಗ ಅಥವಾ ಹುಡುಗಿಗೆ ಹದಿನಾರು, ಹದಿನೇಳು ವಯಸ್ಸು. ಮನೆಯವರು ಇನ್ನೊಂದೆರಡು ವರ್ಷ ಸಂಪಾದನೆಗೆ ಕಾಯಬಲ್ಲರು. ಹಾಗಿದ್ದರೆ ನನ್ನ ಉತ್ತರ ಐಟಿಐ. 1950ರಿಂದ ನಡೆದುಬಂದಿರುವ ವ್ಯವಸ್ಥೆ ಇದು. ಹಳೆಯದಾಯಿತು, ಮಷೀನು ಹಳೆಯದು ಅಂತ ಬೈಯುವವರು ಇದ್ದಾರೆ. ಕೆಲವು ಕಡೆ ಅದು ನಿಜ ಕೂಡ. ಆದರೆ ಕರ್ನಾಟಕದಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೆ ಏರಿಸಿದ್ದಾರೆ. ಹಾಗಾಗಿ ಸೇರುವ ಮೊದಲು ಒಮ್ಮೆ ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಮಷೀನಿನ ಮೇಲೆ ಧೂಳು ಕೂತಿದೆಯಾ, ಮಕ್ಕಳು ಮುಟ್ಟಿದ ಗುರುತು ಇದೆಯಾ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಟ್ಟಡಕ್ಕೆ ಹತ್ತಿರದ ಟ್ರೇಡ್‌ಗಳಲ್ಲಿ ಎಲೆಕ್ಟ್ರಿಷಿಯನ್‌ಗೆ ಎರಡು ವರ್ಷ. ಹತ್ತನೇ ತರಗತಿಯನ್ನು ವಿಜ್ಞಾನ, ಗಣಿತ ಓದಿ ಪಾಸಾಗಿರಬೇಕು. ವೈರ್‌ಮನ್ ಕೂಡ ಎರಡು ವರ್ಷವೇ, ಆದರೆ ಎಂಟನೇ ತರಗತಿ ಸಾಕು. ವೆಲ್ಡರ್ ಒಂದು ವರ್ಷ, ಅದಕ್ಕೂ ಎಂಟನೇ ತರಗತಿ. ಎಲೆಕ್ಟ್ರಿಷಿಯನ್ನಾ, ವೈರ್‌ಮನ್ನಾ ಅಂತ ತುಂಬಾ ಜನ ಕೇಳುತ್ತಾರೆ. ವೈರ್‌ಮನ್ ಓದು ಮನೆ, ಕಟ್ಟಡದ ವೈರಿಂಗ್‌ಗೆ ಹೆಚ್ಚು ಹತ್ತಿರ. ಎಲೆಕ್ಟ್ರಿಷಿಯನ್‌ನಲ್ಲಿ ಮೋಟರ್, ಟ್ರಾನ್ಸ್‌ಫಾರ್ಮರ್, ವೈಂಡಿಂಗ್ ಎಲ್ಲ ಬರುತ್ತದೆ. ಹತ್ತನೇ ತರಗತಿ ಆಗಿದ್ದರೆ ಎಲೆಕ್ಟ್ರಿಷಿಯನ್ನೇ ತೆಗೆದುಕೊಳ್ಳಿ. ಸೈಟ್ ಕೆಲಸ ಬೇಸರವಾದರೆ ಫ್ಯಾಕ್ಟರಿಗೆ ಹೋಗಬಹುದು. ವೈರ್‌ಮನ್‌ಗೆ ಆ ಕಡೆ ದಾರಿ ಅಷ್ಟು ಅಗಲವಿಲ್ಲ.

ಐಟಿಐನ ದೊಡ್ಡ ಲಾಭ ಇರುವುದು ಮುಂದಿನ ಮೆಟ್ಟಿಲುಗಳಲ್ಲಿ. ರೈಲ್ವೆಯ ಟೆಕ್ನಿಷಿಯನ್ ಗ್ರೇಡ್ 3 ಹುದ್ದೆಗೆ ಹತ್ತನೇ ತರಗತಿಯ ಜೊತೆಗೆ ಐಟಿಐ ಬೇಕು, ಇಲ್ಲವೇ ಅಪ್ರೆಂಟಿಸ್‌ಶಿಪ್ ಮುಗಿಸಿರಬೇಕು. ಮೂರು ತಿಂಗಳ ಕೋರ್ಸಿನ ಸರ್ಟಿಫಿಕೇಟ್ ಅಲ್ಲಿ ನಡೆಯುವುದಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ. ಎಂಟನೇ ತರಗತಿಗೆ ಶಾಲೆ ಬಿಟ್ಟು ಎರಡು ವರ್ಷದ ಟ್ರೇಡ್ ಮುಗಿಸಿದವರು ಎನ್‌ಐಒಎಸ್ (ಕೇಂದ್ರದ ಮುಕ್ತ ಶಾಲಾ ಸಂಸ್ಥೆ) ಮೂಲಕ ಭಾಷಾ ಪರೀಕ್ಷೆ ಬರೆದು ಹತ್ತನೇ ತರಗತಿಗೆ ಸಮನಾದ ಕಾಗದ ಪಡೆಯಬಹುದು. ಇದು ಸಣ್ಣ ವಿಷಯ ಅಂತ ಬಿಡಬೇಡಿ, ಪಾಸ್‌ಪೋರ್ಟ್ ಮಾತು ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಸೇರುವಾಗ ನೋಡಬೇಕಾದ್ದು ಎನ್‌ಸಿವಿಟಿನಾ, ಎಸ್‌ಸಿವಿಟಿನಾ ಅನ್ನುವುದು. ಮೊದಲನೆಯದು ದೇಶಮಟ್ಟದ ಸರ್ಟಿಫಿಕೇಟ್, ಎರಡನೆಯದು ರಾಜ್ಯದ್ದು. ಒಂದೇ ಕಾಲೇಜಿನಲ್ಲಿ ಒಂದು ಟ್ರೇಡ್‌ಗೆ ದೇಶದ ಮಾನ್ಯತೆ ಇದ್ದು ಇನ್ನೊಂದಕ್ಕೆ ಇಲ್ಲದೆಯೂ ಇರಬಹುದು. ಬೋರ್ಡ್ ಮೇಲೆ ಬರೆದದ್ದನ್ನು ನಂಬಬೇಡಿ, ನಿಮ್ಮ ಟ್ರೇಡ್‌ನ ಹೆಸರು ಹಿಡಿದು ಕೇಳಿ.

ಒಂದು ಕೊರತೆ ಇದೆ. ಗಾರೆ, ಕಂಬಿ, ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಹಲಗೆಯ ಅಚ್ಚು ಕಟ್ಟುವುದು), ಟೈಲ್ಸ್, ಅಂದರೆ ಕಟ್ಟಡದ ಮುಕ್ಕಾಲು ಪಾಲು ಕೆಲಸಕ್ಕೆ ಐಟಿಐ ದಾರಿ ಬಲು ಕಿರಿದು. ಮೇಸನ್ ಅಂತ ಒಂದು ಟ್ರೇಡ್ ಪಟ್ಟಿಯಲ್ಲಿ ಇದೆ, ನಮ್ಮ ಸುತ್ತಮುತ್ತ ಅದನ್ನು ಕಲಿಸುವವರು ಸಿಗುವುದು ಕಷ್ಟ. ಎಲ್ಲಿ ನೋಡಿದರೂ ಎಲೆಕ್ಟ್ರಿಷಿಯನ್, ಫಿಟ್ಟರ್.

ಅಪ್ರೆಂಟಿಸ್: ಸಂಬಳ ಅಂತ ಅಂದುಕೊಳ್ಳಬೇಡಿ

ಐಟಿಐ ಆದ ಮೇಲೆ ಒಂದು ವರ್ಷ ಅಪ್ರೆಂಟಿಸ್ ಮಾಡುವವರಿದ್ದಾರೆ, ಬಿಡುವವರೂ ಇದ್ದಾರೆ. ಸಾಧ್ಯವಾದರೆ ಮಾಡಿ ಅನ್ನುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ ₹7,000 ಸ್ಟೈಪೆಂಡ್ ಅಂತ ಹೇಳಿತು. ಬೆಂಗಳೂರಿನಲ್ಲಿ ಇದು ರೂಮಿನ ಬಾಡಿಗೆ, ಊಟಕ್ಕೇ ಸರಿಹೋಗುತ್ತದೆ. ಅದೇ ಸಮಯದಲ್ಲಿ ಸೈಟಿನ ಹೆಲ್ಪರ್‌ಗೆ ಇದಕ್ಕಿಂತ ಜಾಸ್ತಿ ಸಿಗುತ್ತದೆ ಅಂತ ಮನೆಯಲ್ಲಿ ಮಾತು ಬರುತ್ತದೆ. ಬರಲಿ. ಕೊನೆಯ ಪರೀಕ್ಷೆ ಪಾಸಾದರೆ ಸಿಗುವ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್) ಸರ್ಟಿಫಿಕೇಟ್‌ಗೆ ರೈಲ್ವೆಯ ಲೆವೆಲ್ 1, ಅಂದರೆ ಮೊದಲ ಮೆಟ್ಟಿಲಿನ ಹುದ್ದೆಗಳಲ್ಲಿ ಬೇರೆಯೇ ತೂಕ ಇದೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಅಲ್ಲಿ ಶೇ. 20 ಮೀಸಲು. ಆದರೆ ಒಂದು ಮಾತು ತಿಳಿದಿರಲಿ: ಅಪ್ರೆಂಟಿಸ್ ಆಗಿದ್ದ ಕಂಪನಿಯೇ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಅಂತ ಕಾನೂನಿಲ್ಲ.

ಸಣ್ಣ ಕೋರ್ಸ್‌ಗಳು: ಮೂರು ಜಾತಿ

ಉಚಿತ ತರಬೇತಿ ಅನ್ನುವ ಬೋರ್ಡ್ ಎಲ್ಲ ಕಡೆ ಒಂದೇ ಥರ ಕಂಡರೂ ಒಳಗೆ ಉದ್ದೇಶ ಬೇರೆ ಬೇರೆ.

ಒಂದು, ಸ್ವಂತ ಕೆಲಸ ಶುರು ಮಾಡಿಸುವ ತರಬೇತಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ, ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಸೇರಿ ಶುರು ಮಾಡಿದ ರುಡ್‌ಸೆಟ್ ಇದಕ್ಕೆ ಮೂಲ. ಅದನ್ನೇ ಮಾದರಿ ಇಟ್ಟುಕೊಂಡು ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳು (ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು) ಬಂದವು. ಊಟ, ವಸತಿ ಉಚಿತ. ಹೌಸ್ ವೈರಿಂಗ್, ಪ್ಲಂಬಿಂಗ್‌ನಂಥವನ್ನು ಒಂದು ತಿಂಗಳಲ್ಲಿ ಮುಗಿಸುತ್ತಾರೆ. ಜೊತೆಗೆ ಲೆಕ್ಕ ಬರೆಯುವುದು, ಗಿರಾಕಿ ಜೊತೆ ಮಾತಾಡುವುದು, ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವುದನ್ನೂ ಹೇಳಿಕೊಡುತ್ತಾರೆ. ಒಂದು ತಿಂಗಳಲ್ಲಿ ಯಾರೂ ಪೂರ್ತಿ ಎಲೆಕ್ಟ್ರಿಷಿಯನ್ ಆಗುವುದಿಲ್ಲ. ಮೆಟ್ಟಿಲಿನ ಲೈಟಿಗೆ ಟೂ-ವೇ ಸ್ವಿಚ್ ಕೊಡುವುದು ಬರುತ್ತದೆ. ಮನೆ ಪೂರ್ತಿ ಲೋಡ್ ಲೆಕ್ಕ ಹಾಕಿ ಅದಕ್ಕೆ ತಕ್ಕ ಕೇಬಲ್ ಆರಿಸುವ ಧೈರ್ಯ ಬರಲು ಇನ್ನೂ ಕಾಲ ಬೇಕು. ಆದರೂ ಹಳ್ಳಿಯಲ್ಲಿ ರಿಪೇರಿ ಅಂಗಡಿ ಇಡುವ ಆಸೆ ಇದ್ದವರಿಗೆ ಇದಕ್ಕಿಂತ ಚೆನ್ನಾದ ಆರಂಭ ನನಗೆ ಕಾಣುವುದಿಲ್ಲ.

ಎರಡು, ಸರ್ಕಾರದ ಕೌಶಲ ಯೋಜನೆಗಳು. ಕೇಂದ್ರದ್ದು 2015ರಲ್ಲಿ ಶುರುವಾದ ಪಿಎಂಕೆವಿವೈ (ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ), ರಾಜ್ಯದ್ದು 2017ರ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ. ಇಲ್ಲಿ ಎಲ್ಲ ನಿಂತಿರುವುದು ತರಬೇತಿ ಕೇಂದ್ರದ ಮೇಲೆ. ಒಂದು ಕೇಂದ್ರದಲ್ಲಿ ನಿಜವಾದ ಗೋಡೆ ಕಟ್ಟಿಸಿ ಕೆಡವಿಸುತ್ತಾರೆ, ಇನ್ನೊಂದರಲ್ಲಿ ಪ್ರೊಜೆಕ್ಟರ್ ಹಾಕಿ ಗೋಡೆಯ ಚಿತ್ರ ತೋರಿಸುತ್ತಾರೆ. ಮರಳು, ಸಿಮೆಂಟ್, ಕಂಬಿಯ ರಾಶಿ ಕಣ್ಣಿಗೆ ಬೀಳದ ಕೇಂದ್ರಕ್ಕೆ ಗಾರೆ ಕೆಲಸ ಕಲಿಯಲು ಹೋಗುವುದು ಸುಮ್ನೆ ಟೈಮ್ ವೇಸ್ಟ್.

ಮೂರು, ದೊಡ್ಡ ಕಂಪನಿಗಳು ತಮ್ಮ ಸೈಟಿಗಾಗಿಯೇ ನಡೆಸುವ ತರಬೇತಿ. ಎಲ್ ಅಂಡ್ ಟಿಯವರ ನಿರ್ಮಾಣ ಕೌಶಲ ತರಬೇತಿ ಸಂಸ್ಥೆಗಳು ಚೆನ್ನೈ, ಬೆಂಗಳೂರು, ಹೈದರಾಬಾದ್ ಮುಂತಾದ ಕಡೆ ಇವೆ. ಸೆಂಟ್ರಿಂಗ್, ಬಾರ್ ಬೆಂಡಿಂಗ್ (ಕಂಬಿ ಕೆಲಸ), ಗಾರೆ, ಪ್ಲಂಬಿಂಗ್ ಕಲಿಸುತ್ತಾರೆ. ಇವುಗಳಲ್ಲಿ ಹೆಚ್ಚಿನವು ಐಟಿಐಗಳಲ್ಲಿ ಸುಲಭಕ್ಕೆ ಸಿಗದ ಕೆಲಸಗಳು. ಕಲಿತ ಮೇಲೆ ಕಂಪನಿ ಹೇಳಿದ ರಾಜ್ಯದ ಸೈಟಿಗೆ ಹೋಗಲು ತಯಾರಿರಬೇಕು. ಊರು ಬಿಡಲು ಇಷ್ಟವಿಲ್ಲದವರಿಗೆ ಇದು ಆಗಿಬರುವುದಿಲ್ಲ. ಮೆಟ್ರೋ, ಫ್ಲೈಓವರ್, ಮೂವತ್ತು ಮಹಡಿಯ ಕಟ್ಟಡದಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಮೊದಲು ಈ ಬಾಗಿಲು ತಟ್ಟಿ.

ಕೆಲಸ ಬರುವವರಿಗೆ ಆರ್‌ಪಿಎಲ್

ಇಪ್ಪತ್ತು ವರ್ಷ ಕಂಬಿ ಕಟ್ಟಿದವರನ್ನು ಮತ್ತೆ ತರಗತಿಯಲ್ಲಿ ಕೂರಿಸುವುದರಲ್ಲಿ ಅರ್ಥವಿಲ್ಲ, ಅಲ್ವಾ? ಅವರಿಗಾಗಿಯೇ ಆರ್‌ಪಿಎಲ್. ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಕಾಗದ ಕೊಡುವ ವ್ಯವಸ್ಥೆ ಇದು. ಸ್ವಲ್ಪ ಗಂಟೆಗಳ ತಿಳಿವಳಿಕೆ, ಸುರಕ್ಷತೆಯ ಪಾಠ, ಆಮೇಲೆ ಪರೀಕ್ಷೆ. ಕೆಲವು ಸಲ ಪರೀಕ್ಷಕರು ಸೈಟಿಗೇ ಬರುತ್ತಾರೆ. 2013ರಲ್ಲಿ ಬಂದ ಎನ್‌ಎಸ್‌ಕ್ಯೂಎಫ್ ಎಂಬ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಲೆವೆಲ್ ಇದೆ. ಹೆಲ್ಪರ್ ಕೆಳಗಿನ ಮೆಟ್ಟಿಲು, ಪೂರ್ತಿ ಕೆಲಸ ಬರುವ ಮೇಸನ್ ಅಥವಾ ಬಾರ್ ಬೆಂಡರ್ ಲೆವೆಲ್ 4ರ ಆಸುಪಾಸು. ಯಾವ ಲೆವೆಲ್‌ಗೆ ಹೆಸರು ಬರೆಸುತ್ತಿದ್ದಾರೆ ಅಂತ ಮೊದಲೇ ಕೇಳಿ. ಇಪ್ಪತ್ತು ವರ್ಷದ ಮೇಸ್ತ್ರಿಗೆ ಹೆಲ್ಪರ್ ಸರ್ಟಿಫಿಕೇಟ್ ಬಂದರೆ ಅದು ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಅನುಭವ ಇದ್ದವರು ಎಡವುವುದು ಎಲ್ಲಿ ಅಂತ ಕಂಬಿ ಕೆಲಸದಲ್ಲೇ ನೋಡೋಣ. 230 ಮಿಮೀ ಅಗಲ, 450 ಮಿಮೀ ಎತ್ತರದ ಬೀಮು. ಸುತ್ತಲೂ 25 ಮಿಮೀ ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ಅಳತೆ ಎಷ್ಟು? ಎರಡೂ ಕಡೆ 25 ಕಳೆದರೆ 180 ಮತ್ತು 400. ಇದನ್ನು ಬಗ್ಗಿಸಲು ಕೈಗೆ ಗೊತ್ತು. ಆದರೆ ಸೈಟಿನಲ್ಲಿ ಈ ಲೆಕ್ಕವನ್ನು ಮೇಸ್ತ್ರಿ ಅಥವಾ ಸೂಪರ್‌ವೈಸರ್ ಹಾಕಿ, ಹಲಗೆಯ ಮೇಲೆ ಮೊಳೆ ಹೊಡೆದು ಕೊಟ್ಟಿರುತ್ತಾರೆ. ಬಗ್ಗಿಸುವವರು ಮೊಳೆ ನೋಡಿ ಬಗ್ಗಿಸುತ್ತಾರೆ. ಪರೀಕ್ಷೆಯಲ್ಲಿ ಮೊಳೆ ಇರುವುದಿಲ್ಲ, ಡ್ರಾಯಿಂಗ್ ಇರುತ್ತದೆ. "8 ಮಿಮೀ ರಿಂಗ್, 150 ಸೆಂಟರ್ ಟು ಸೆಂಟರ್, ಮೂರು ಮೀಟರ್ ಉದ್ದಕ್ಕೆ ಎಷ್ಟು ರಿಂಗ್?" ಅಂದರೆ 20 ಅನ್ನುವವರೇ ಜಾಸ್ತಿ. 3,000ವನ್ನು 150ರಿಂದ ಭಾಗಿಸಿದರೆ ಬರುವುದು ನಡುವಿನ ಅಂತರಗಳ ಲೆಕ್ಕ. ರಿಂಗ್ ಒಂದು ಜಾಸ್ತಿ, 21.

ಹುಕ್ಕಿನದೂ ಹಾಗೇ. ಭೂಕಂಪ ತಡೆಯಬೇಕಾದ ಕಟ್ಟಡಗಳಿಗೆ ಐಎಸ್ 13920 ಎಂಬ ಭಾರತೀಯ ಮಾನದಂಡ ಹೇಳುವುದು 135 ಡಿಗ್ರಿ ಹುಕ್. ಬಗ್ಗಿಸಿದ ಮೇಲೆ ತುದಿ ಕಂಬಿಯ ದಪ್ಪದ ಆರರಷ್ಟಾದರೂ ಒಳಕ್ಕೆ ಚಾಚಿರಬೇಕು, ಅದೂ 65 ಮಿಮೀಗಿಂತ ಕಡಿಮೆ ಇರಬಾರದು. ಬೇಗ ಆಗಲಿ ಅಂತ ಎಷ್ಟೋ ಸೈಟಿನಲ್ಲಿ 90 ಡಿಗ್ರಿಗೇ ನಿಲ್ಲಿಸುತ್ತಾರೆ. ಕಟ್ಟಡ ಅಲುಗಿ ಹೊರಗಿನ ಕಾಂಕ್ರೀಟ್ ಉದುರಿದರೆ ಅಂಥ ರಿಂಗ್ ಬಿಚ್ಚಿಕೊಳ್ಳುತ್ತದೆ. ಪರೀಕ್ಷೆಗೆ ಹೋಗುವ ಮೊದಲು ಒಂದು ವಾರ ಸೈಟಿನ ಇಂಜಿನಿಯರ್ ಹತ್ತಿರ ಕೂತು ಡ್ರಾಯಿಂಗ್ ಓದುವುದನ್ನು ಕಲಿತರೆ ಸರ್ಟಿಫಿಕೇಟ್‌ಗಿಂತ ಅದೇ ದೊಡ್ಡ ಲಾಭ. ಡ್ರಾಯಿಂಗ್ ಓದಲು ಬಂದವರನ್ನು ಕಂಬಿ ಬಗ್ಗಿಸಲು ಕೂರಿಸುವುದಿಲ್ಲ, ಲೆಕ್ಕ ಹಾಕಲು ಕರೆಯುತ್ತಾರೆ.

ಕೂಲಿ ಜಾಸ್ತಿ ಆಗುತ್ತದಾ? ಊರಿನ ಮನೆ ಕೆಲಸದಲ್ಲಿ ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಮನೆ ಕಟ್ಟಿಸುವವರು ಕೇಳುವುದು ಚದರಕ್ಕೆ ಎಷ್ಟು, ಹಿಂದೆ ಎಲ್ಲಿ ಕಟ್ಟಿದ್ದೀರಿ ಅಂತ. ದೊಡ್ಡ ಸೈಟಿನಲ್ಲಿ, ಸರ್ಕಾರಿ ಟೆಂಡರ್ ಹಿಡಿಯುವ ಕಂಪನಿಗಳಲ್ಲಿ ಇದು ಗೇಟ್ ದಾಟಿಸಬಹುದು. ಅಷ್ಟೇ ನಿರೀಕ್ಷೆ ಇಟ್ಟುಕೊಂಡರೆ ಬೇಸರವಾಗುವುದಿಲ್ಲ.

ಗಾರೆಯವರು, ಬಡಗಿಗಳು ಆರ್‌ಪಿಎಲ್ ಜೊತೆ ಪಿಎಂ ವಿಶ್ವಕರ್ಮವನ್ನೂ ಇಟ್ಟು ನೋಡಬೇಕು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಈ ಎರಡೂ ಇವೆ. ಐದರಿಂದ ಏಳು ದಿನದ ಮೂಲ ತರಬೇತಿ, ದಿನಕ್ಕೆ ₹500 ಭತ್ಯೆ, ಉಪಕರಣಕ್ಕೆ ₹15,000. ಆಮೇಲೆ ಶೇ. 5ರ ಬಡ್ಡಿಗೆ ಮೊದಲು ₹1 ಲಕ್ಷ, ಅದನ್ನು ತೀರಿಸಿದರೆ ₹2 ಲಕ್ಷ ಸಾಲ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಕಂಪನಿಗೆ ತೋರಿಸಲು ಕಾಗದ ಬೇಕಾದವರಿಗೆ ಆರ್‌ಪಿಎಲ್. ಸ್ವಂತ ಗುತ್ತಿಗೆ ಹಿಡಿಯಲು, ಕಟ್ಟಿಂಗ್ ಮಷೀನ್ ಕೊಳ್ಳಲು ದುಡ್ಡು ಬೇಕಾದವರಿಗೆ ವಿಶ್ವಕರ್ಮ. ಕಂಬಿ ಕೆಲಸ, ಪ್ಲಂಬಿಂಗ್, ವೈರಿಂಗ್ ಆ ಪಟ್ಟಿಯಲ್ಲಿ ಇಲ್ಲ.

ವೈರಿಂಗ್‌ನವರಿಗೆ ಪರ್ಮಿಟ್ ಬೇಕೇ ಬೇಕು

ಗಾರೆ, ಟೈಲ್ಸ್ ಕೆಲಸಕ್ಕೆ ಲೈಸೆನ್ಸ್ ಕೇಳುವವರಿಲ್ಲ. ಕರೆಂಟ್ ಕೆಲಸ ಹಾಗಲ್ಲ. ಹೊಸ ಮನೆಗೆ ಕನೆಕ್ಷನ್ ಬೇಕು ಅಂದರೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಸಹಿ ಮಾಡಿದ ವೈರಿಂಗ್ ವರದಿ ಬೇಕು. ಕರ್ನಾಟಕದಲ್ಲಿ ಕಾಂಟ್ರಾಕ್ಟರ್ ಲೈಸೆನ್ಸ್, ಸೂಪರ್‌ವೈಸರ್ ಪರ್ಮಿಟ್, ವೈರ್‌ಮನ್ ಪರ್ಮಿಟ್ ಇವೆಲ್ಲ ವಿದ್ಯುತ್ ಪರಿವೀಕ್ಷಣಾಲಯದ ಕೈಯಲ್ಲಿವೆ. ಹತ್ತು ವರ್ಷ ವೈರಿಂಗ್ ಮಾಡಿಯೂ ಪರ್ಮಿಟ್, ಲೈಸೆನ್ಸ್ ಇಲ್ಲದವರು ಬೇರೆಯವರ ಸಹಿಗೆ ಪ್ರತಿ ಮನೆಗೂ ದುಡ್ಡು ಕೊಡುತ್ತಿರುತ್ತಾರೆ. ಆ ದುಡ್ಡನ್ನು ಒಂದು ವರ್ಷ ಬರೆದಿಟ್ಟು ಕೂಡಿಸಿ ನೋಡಿದರೆ ಅವನ್ನು ಮಾಡಿಸುವುದು ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯ ಕನೆಕ್ಷನ್ ಕೆಲಸಕ್ಕೆ ಲೈಸೆನ್ಸ್ ಇರುವ ಪ್ಲಂಬರ್‌ಗಳದ್ದೇ ಬೇರೆ ಪಟ್ಟಿ ಇದೆ. ನಗರದಲ್ಲಿ ಪ್ಲಂಬಿಂಗ್ ಮಾಡುವವರು ಸರ್ಟಿಫಿಕೇಟ್ ಕೋರ್ಸ್‌ಗಿಂತ ಮೊದಲು ಅದನ್ನು ವಿಚಾರಿಸುವುದು ಮೇಲು.

ಲೇಬರ್ ಕಾರ್ಡ್ ಬಗ್ಗೆ ಎರಡು ಮಾತು ಸಾಕು. 18ರಿಂದ 60 ವಯಸ್ಸಿನ, ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ ರಾಜ್ಯದ ಕಲ್ಯಾಣ ಮಂಡಳಿ ಕೊಡುವ ಕಾರ್ಡ್ ಅದು. ಮಕ್ಕಳ ಓದಿಗೆ, ಆಸ್ಪತ್ರೆಗೆ, ಮದುವೆಗೆ ನೆರವು ಸಿಗುತ್ತದೆ. ಖಂಡಿತ ಮಾಡಿಸಿ. ಆದರೆ ಅದು ನಿಮ್ಮ ಕೌಶಲದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೊರದೇಶಕ್ಕೆ ಹೋಗುವವರಿಗೆ

ಇಲ್ಲಿ ಮೊದಲು ಬೇಕಾದ್ದು ಹತ್ತನೇ ತರಗತಿ. ಹತ್ತು ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್ (ವಲಸೆಗೆ ಅನುಮತಿ ಬೇಕಾದ) ಪಾಸ್‌ಪೋರ್ಟ್ ಬರುತ್ತದೆ. ಅದರಲ್ಲಿ ಸೌದಿ, ಯುಎಇ, ಕತಾರ್, ಕುವೈತ್, ಒಮಾನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್ ಮೂಲಕ ಅನುಮತಿ ಬೇಕು. ಅದು ಅಡ್ಡಿ ಅಂತ ಬೈಯುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಆ ದಾರಿಯಲ್ಲಿ ಹೋದವರ ಕರಾರು ಸರ್ಕಾರದ ದಾಖಲೆಯಲ್ಲಿ ಇರುತ್ತದೆ, ₹10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ವಿಮೆಯೂ ಇರುತ್ತದೆ.

ಸೌದಿಗೆ ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್ ಮುಂತಾದ ಕೆಲಸಕ್ಕೆ ಹೋಗುವವರು ಅವರದೇ ಎಸ್‌ವಿಪಿ (ಕೌಶಲ ಪರಿಶೀಲನೆ) ಪರೀಕ್ಷೆಯನ್ನು ಭಾರತದಲ್ಲೇ ಪಾಸಾಗಬೇಕು. ಐಟಿಐ ಇದೆ, ಲೆವೆಲ್ 4 ಇದೆ ಅಂದರೆ ಆ ಪರೀಕ್ಷೆ ತಪ್ಪುವುದಿಲ್ಲ. ಹಾಗಾಗಿ ಗಲ್ಫ್‌ಗೆ ಅಂತಲೇ ದುಡ್ಡು ಕೊಟ್ಟು ಇಲ್ಲಿನ ಕೋರ್ಸ್ ಮಾಡುವ ಮೊದಲು, ನಿಮ್ಮ ಕೆಲಸ ಎಸ್‌ವಿಪಿ ಪಟ್ಟಿಯಲ್ಲಿ ಇದೆಯಾ ನೋಡಿಕೊಂಡು, ಆ ಪರೀಕ್ಷೆಗೇ ತಯಾರಾಗಿ.

ಇಸ್ರೇಲ್ 2024ರ ಆರಂಭದಲ್ಲಿ ಭಾರತದಿಂದ ಕಟ್ಟಡ ಕೆಲಸಗಾರರನ್ನು ತೆಗೆದುಕೊಂಡಾಗ ಕೇಳಿದ್ದು ಸೆಂಟ್ರಿಂಗ್, ಕಂಬಿ, ಟೈಲ್ಸ್, ಪ್ಲಾಸ್ಟರಿಂಗ್ ಬರುವವರನ್ನು. ರೋಹ್ಟಕ್, ಲಖನೌಗಳಲ್ಲಿ ಕೆಲಸ ಮಾಡಿಸಿಯೇ ಆರಿಸಿದರು. ತಿಂಗಳಿಗೆ ಸುಮಾರು ₹1.37 ಲಕ್ಷ ಸಂಬಳದ ಮಾತು ಇತ್ತು, ಯುದ್ಧದ ಅಪಾಯವೂ ಜೊತೆಗೇ ಇತ್ತು. ನಮ್ಮಲ್ಲಿ ಕಾಗದವೇ ಕೇಳದ ನಾಲ್ಕು ಕೆಲಸಗಳಿಗೆ ಅಲ್ಲಿ ಅಷ್ಟು ಬೆಲೆ. ಆರಿಸಿದ್ದು ಕೈ ನೋಡಿ.

ಏಜೆಂಟ್ ಮೂಲಕ ಹೋಗುವುದಾದರೆ ಅವರ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್‌ನಲ್ಲಿ ಹುಡುಕಿ. ಅವರು ತೆಗೆದುಕೊಳ್ಳಬಹುದಾದ ಫೀ ₹30,000 ಮತ್ತು ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ಇಲ್ಲ. "ಸರ್ಟಿಫಿಕೇಟ್ ನಾವೇ ಕೊಡಿಸುತ್ತೇವೆ, ಪರೀಕ್ಷೆ ಬೇಡ" ಅಂದರೆ ಅಲ್ಲಿಂದ ಎದ್ದು ಬನ್ನಿ. ಅಸಲಿ ಕೌಶಲ ಸರ್ಟಿಫಿಕೇಟ್ ಆನ್‌ಲೈನ್‌ನಲ್ಲಿ ಪರಿಶೀಲನೆಗೆ ಸಿಗುತ್ತದೆ, ನಕಲಿ ಸಿಕ್ಕಿಬೀಳುವುದು ವೀಸಾ ಹಂತದಲ್ಲಿ.

ಯಾವ ದಾರಿ ಹಿಡಿದರೂ ಅರ್ಜಿ ತುಂಬುವಾಗ ಹೆಸರು, ಇನಿಶಿಯಲ್, ಹುಟ್ಟಿದ ದಿನವನ್ನು ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಬರೆಸಿ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದ್ದು, ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ. ಸರ್ಟಿಫಿಕೇಟ್ ಬಂದ ಮೇಲೆ ತಿದ್ದಿಸಲು ಓಡಾಡುವುದಕ್ಕಿಂತ ಅದು ಎಷ್ಟೋ ಸುಲಭ.